ರಾತ್ರಿಪಾಳಿಯವರ ಹಗಲುನಿದ್ದೆ

ಠಾಣೆ–ಬೇಲಾಪುರ ರಸ್ತೆಗೆ ಹೊಂದಿಕೊಂಡ ರಬಾಳೆಯ ಎಂಐಡಿಸಿ ವಸಾಹತಿನಲ್ಲಿ ರಾತ್ರಿಯೆಂಬುದು ಎಲ್ಲರಿಗೂ ವಿಶ್ರಾಂತಿಯ ವೇಳೆಯಲ್ಲ. ಬೆಳಗ್ಗೆ ಪಾಳಿ ಮುಗಿಸಿ, ರಬಾಳೆ ನಿಲ್ದಾಣದಲ್ಲಿ ಗಾಡಿ ಹತ್ತಿ, ಠಾಣೆಯಲ್ಲಿ ಮತ್ತೊಂದನ್ನು ಹಿಡಿದು ಡೊಂಬಿವಲಿಗೋ ಕಲ್ಯಾಣಕ್ಕೋ ಮುಟ್ಟುವವರು, ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಸೂರ್ಯನು ಸಾಕಷ್ಟು ಮೇಲೇರಿರುತ್ತಾನೆ. ಕುಕ್ಕರಿನ ಸೀಟಿ, ನೆರೆಮನೆಯ ಟಿವಿ, ಬಾಗಿಲ ಗಂಟೆ ಇವುಗಳ ನಡುವೆಯೇ ಅವರು ಮಲಗಬೇಕು. ಇವರಲ್ಲಿ ನಮ್ಮ ಕನ್ನಡ ಕುಟುಂಬಗಳವರೂ ಇದ್ದಾರೆ.

ಎಂಟು ಗಂಟೆ ಯಾವಾಗ ಮಲಗಿದರೇನು ಎಂಬ ಮಾತು ಲೋಕರೂಢಿಯಲ್ಲಿದ್ದರೂ, ಶರೀರಶಾಸ್ತ್ರವು ಅದನ್ನು ಒಪ್ಪುವುದಿಲ್ಲ. ನಿದ್ರೆಯನ್ನು ಆಳುವ ಶಕ್ತಿಗಳು ಎರಡು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಸಂಚಯವಾಗುತ್ತ ತೂಕಡಿಕೆಯನ್ನು ತರುವುದು ಒಂದು. ಚಹ, ಕಾಫಿಗಳಲ್ಲಿರುವ ಕೆಫೀನು ಅದರ ಪ್ರಭಾವಕ್ಕೆ ತಡೆಯೊಡ್ಡುವುದರಿಂದಲೇ ಅವು ನಮ್ಮನ್ನು ಎಚ್ಚರವಾಗಿಡುತ್ತವೆ. ಎರಡನೆಯದು, ಮೆದುಳಿನ ಹೈಪೊಥಲಾಮಸಿನಲ್ಲಿ, ಸುಮಾರು 20,000 ನರಕೋಶಗಳ ಪುಟ್ಟ ಸಮೂಹದಲ್ಲಿ ನೆಲೆಸಿರುವ ದೇಹದ ಗಡಿಯಾರ. ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ಅದು ತನ್ನ ಕಾಲವನ್ನು ಸರಿಪಡಿಸಿಕೊಳ್ಳುತ್ತದೆ. ಕತ್ತಲಾದಾಗ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಸ್ರವಿಸುವಂತೆ ಮಾಡಿ, ಬೆಳಗಾದೊಡನೆ ಅದನ್ನು ನಿಲ್ಲಿಸುತ್ತದೆ. ಇಂತಹ ಗಡಿಯಾರವು ಜೀವಕೋಶದಲ್ಲಿ ನಡೆಯುವ ಬಗೆಯನ್ನು ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪಾಳಿಯಿಂದ ಮರಳಿದವನಲ್ಲಿ ಮೊದಲ ಶಕ್ತಿಯು ಮಲಗೆಂದರೆ, ಎರಡನೆಯದು ಏಳೆನ್ನುತ್ತದೆ. ಆದಕಾರಣ ಮೊದಲ ಗಾಢನಿದ್ರೆಯು ಬಂದೇ ಬಂದರೂ, ಸುಮಾರು 90 ನಿಮಿಷಗಳ ಆವರ್ತನಗಳಲ್ಲಿ ಸಾಗುವ ನಿದ್ರೆಯ ಕೊನೆಯ ಸುತ್ತುಗಳು, ಅಂದರೆ ಸ್ವಪ್ನಾವಸ್ಥೆಯು ಹೆಚ್ಚಾಗಿರುವ ಭಾಗವೇ, ಮೊಟಕಾಗಿಬಿಡುತ್ತದೆ. ಈ ಕೊರತೆಯು ವರ್ಷಗಟ್ಟಲೆ ಬೆಳೆದಾಗ ಮಧುಮೇಹ, ಹೃದ್ರೋಗಗಳ ಸಂಭವವು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ರಾತ್ರಿಪಾಳಿಯ ಕೆಲಸವನ್ನು 2007ರಲ್ಲಿ ಪ್ರಾಯಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿ, 2019ರಲ್ಲಿ ಅದನ್ನೇ ಪುನರುಚ್ಚರಿಸಿತು. ಆಹಾರ ಮತ್ತು ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ದೇಹದ ಆಧಾರಸ್ತಂಭವೆಂದು ಗಣಿಸಿದ ಚರಕಸಂಹಿತೆಯ ದೃಷ್ಟಿ ಎಷ್ಟು ಯಥಾರ್ಥವಾದುದು!

ರಾತ್ರಿಪಾಳಿಯು ಮಧ್ಯರಾತ್ರಿಯನ್ನು ದಾಟುವುದಾದರೆ, ವಾರದ ರಜೆಯನ್ನು ಪಾಳಿ ಮುಗಿದ ಕ್ಷಣದಿಂದ 24 ಗಂಟೆಯೆಂದು ಎಣಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯು ವಿಧಿಸಿತ್ತು. ನ್ಯಾಯವಾದ ನಿಯಮವೇ, ಆದರೆ ದೇಹದ ಗಡಿಯಾರವು ಒಂದು ದಿನದಲ್ಲಿ ತಿರುಗುವಂತಹುದಲ್ಲ. ಅದರ ಸಹಜ ಸುತ್ತು 24 ಗಂಟೆಗಿಂತ ತುಸು ದೀರ್ಘವಾದ್ದರಿಂದ, ಪಾಳಿಯನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದೊತ್ತುವುದನ್ನು ದೇಹವು ಹೆಚ್ಚು ಸುಲಭವಾಗಿ ತಾಳಿಕೊಳ್ಳುತ್ತದೆ. ಹಿಂದುಮುಂದಾಗಿ ಬದಲಿಸುವುದು ಕಷ್ಟಕರ. ಪಾಳಿಯ ಪಟ್ಟಿ ಬರೆಯುವ ಅಧಿಕಾರಿಗಳು ಇದನ್ನು ಗಮನಿಸಿದರೆ ಹಣ ವೆಚ್ಚವಿಲ್ಲದೆಯೇ ಬಹಳ ಉಪಕಾರವಾದೀತು.

ದುಡಿಯುವವರು ಪಾಳಿಯ ಉತ್ತರಾರ್ಧದಲ್ಲಿ ಕಟಿಂಗ್ ಚಹವನ್ನು ಬಿಡಲಿ, ಮನೆಗೆ ಹಿಂದಿರುಗುವಾಗ ಕಪ್ಪು ಕನ್ನಡಕವನ್ನು ಧರಿಸಲಿ, ದಪ್ಪ ಪರದೆಯಿಂದ ಕೋಣೆಯನ್ನು ಕತ್ತಲಾಗಿಸಿಕೊಳ್ಳಲಿ. ಮನೆಯವರಲ್ಲಿಯೂ ನೆರೆಯವರಲ್ಲಿಯೂ ನನ್ನದೊಂದು ಬಿನ್ನಹ: ರಾತ್ರಿ ಎರಡಕ್ಕೆ ನಿಮ್ಮನ್ನು ಯಾರೂ ಎಬ್ಬಿಸಕೂಡದೆಂದು ನೀವು ಬಯಸುವಂತೆಯೇ, ಹಗಲು ಹನ್ನೊಂದಕ್ಕೆ ಅವರನ್ನು ಎಬ್ಬಿಸದಿರಿ.