ಆಂಟೆನಾ ಎಣಿಸಬೇಡಿ, ಗೋಡೆ ನೋಡಿ

ರೂಟರ್ ಕೊಳ್ಳಲು ಹೋದವರು ಮೊದಲು ಆಂಟೆನಾ ಎಣಿಸುತ್ತಾರೆ. ಎರಡಕ್ಕಿಂತ ನಾಲ್ಕು ಜೋರು ಎಂಬ ಲೆಕ್ಕ. ರೂಟರ್ ಎಷ್ಟೇ ಜೋರಾಗಿ ಕೂಗಿದರೂ ಜೇಬಿನಲ್ಲಿರುವ ಫೋನ್ ವಾಪಸ್ ಉತ್ತರ ಕೊಡಬೇಕಲ್ಲ, ಅದರ ದನಿ ಸಣ್ಣದು. ಚಂದಕವಾಡಿಯಂಥ ಹೋಬಳಿ ಊರಿನಲ್ಲಿ ಮೊದಲು ನೋಡಬೇಕಾದ್ದು ಮನೆಯ ಗೋಡೆ, ಆಮೇಲೆ ಕರೆಂಟು.

ಹಳೇ ಮಣ್ಣಿನ ಗೋಡೆ ದಪ್ಪ. ಮಳೆಗಾಲದಲ್ಲಿ ತೇವ ಹೀರಿದರೆ ಸಿಗ್ನಲ್ ಇನ್ನಷ್ಟು ಕುಗ್ಗುತ್ತದೆ. ಜಿಂಕ್ ಶೀಟು, ಕಬ್ಬಿಣದ ಬೀರು ಅಂತೂ ಅಲೆಯನ್ನು ಬಂದ ದಾರಿಗೇ ತಿರುಗಿಸುತ್ತವೆ. ನಾವೋ, ಕೇಬಲ್ ಬಂದದ್ದು ಅಲ್ಲಿಗೆ ಅಂತ ರೂಟರನ್ನು ಬೀರುವಿನ ಹಿಂದೆಯೇ ಇಡುತ್ತೇವೆ. ಲೈನ್ ಎಳೆಯುವಾಗಲೇ ನಾಲ್ಕು ಮೀಟರ್ ಹೆಚ್ಚು ಬಿಡಿಸಿಕೊಂಡು ಹಜಾರದಲ್ಲಿ ಆಳೆತ್ತರಕ್ಕೆ ಕೂರಿಸಿದರೆ ಅಗ್ಗದ ರೂಟರೂ ಚೆನ್ನಾಗಿ ದುಡಿಯುತ್ತದೆ.

2.4 ಗಿಗಾಹರ್ಟ್ಸ್ ಹಳೆಯದು, 5 ಮೇಲು ಅನ್ನುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಾತು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಅಕ್ಕಪಕ್ಕದ ಹತ್ತಾರು ಮನೆಯವರು ಅದರಲ್ಲೇ ನುಗ್ಗಾಡಬೇಕು. ಹಳ್ಳಿಯಲ್ಲಿ ಆ ನೂಕುನುಗ್ಗಲಿಲ್ಲ. ಗೋಡೆ ದಾಟುವುದರಲ್ಲೂ 2.4ರದ್ದೇ ಮೇಲುಗೈ. ಎರಡೂ ಇರುವ ಡ್ಯುಯಲ್ ಬ್ಯಾಂಡ್ ಕೊಳ್ಳಿ: ಹಜಾರದ ಟಿವಿಗೆ 5, ಹಿತ್ತಿಲಿನ ಫೋನಿಗೆ 2.4.

ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾದ 1200 ಎಂಬ ಅಂಕಿ ಎರಡೂ ಬ್ಯಾಂಡ್ ಕೂಡಿಸಿದ ಕಾಗದದ ಲೆಕ್ಕ. ರೂಟರಿನ ಬೆನ್ನಿನ ಪೋರ್ಟು ಬರೀ 10/100 ಆದರೆ, 200 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಒಳಗೆ ಬರುವುದು ನೂರರ ಒಳಗೇ. ಗಿಗಾಬಿಟ್ ಪೋರ್ಟ್ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. 50ರ ಪ್ಲಾನ್ ಸಾಕೆನ್ನುವವರು ಗಿಗಾಬಿಟ್‌ಗೆ ಕೊಡುವ ಹೆಚ್ಚಿನ ದುಡ್ಡು ಉಳಿಸಿಕೊಳ್ಳಬಹುದು.

ಇನ್ನು ಕರೆಂಟು. ಮನೆಗೆ ಬರುವ ಫೈಬರಿನಲ್ಲಿ ಹರಿಯುವುದು ಬೆಳಕು. ದಾರಿಯಲ್ಲಿ ಅದನ್ನು ಕವಲೊಡೆಸುವ ಸ್ಪ್ಲಿಟರ್‌ಗೆ ಸಾಮಾನ್ಯವಾಗಿ ಕರೆಂಟೇ ಬೇಡ. ಆಪರೇಟರ್ ಕಡೆ ಬ್ಯಾಟರಿ ಇದ್ದು, ನಿಮ್ಮ ಕಡೆಯೂ ಇದ್ದರೆ, ಊರೆಲ್ಲ ಕತ್ತಲಾದರೂ ನೆಟ್ ಓಡುತ್ತದೆ. ರೂಟರಿನ ಅಡಾಪ್ಟರ್ ತಿರುಗಿಸಿ ಓದಿ: 12 ವಿ, 1 ಎ ಎಂದಿದ್ದರೆ ಹೆಚ್ಚೆಂದರೆ 12 ವ್ಯಾಟ್. ಅಷ್ಟೇ ವೋಲ್ಟೇಜಿನ ಮಿನಿ ಯುಪಿಎಸ್ ಸಾಕು. ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿ ಬೇರೆಯಿದ್ದರೆ ಅದಕ್ಕೂ ಬ್ಯಾಟರಿ ಬೇಕು. ಇದನ್ನು ಮರೆತು ರೂಟರೊಂದನ್ನೇ ಉಳಿಸಿಕೊಂಡವರು ವೈಫೈ ಇದೆ, ನೆಟ್ ಇಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಸಿಡಿಲಿನ ದಿನ ಪ್ಲಗ್ ಕಿತ್ತುಬಿಡಿ. ಗಾಜಿನ ಎಳೆಯಲ್ಲಿ ಹೊಡೆತ ಬರುವುದಿಲ್ಲ, ಕರೆಂಟಿನ ತಂತಿಯಲ್ಲಿ ಬರುತ್ತದೆ.

ಝೆರಾಕ್ಸ್ ಅಂಗಡಿಯವರು ಕಂಪ್ಯೂಟರು, ಪ್ರಿಂಟರುಗಳಿಗೆ ಕೇಬಲ್ಲನ್ನೇ ಹಾಕಲಿ. ಗಿರಾಕಿಗಳಿಗೆ ಗೆಸ್ಟ್ ನೆಟ್‌ವರ್ಕ್ ಕೊಟ್ಟರೆ ಬಿಲ್ಲಿಂಗ್ ಯಂತ್ರದ ದಾರಿ ಬೇರೆಯಾಗುತ್ತದೆ. ವೈಫೈ ಭದ್ರತೆಗೆ ಡಬ್ಲ್ಯೂಪಿಎ3 ಇರುವ, ಸಾಫ್ಟ್‌ವೇರ್ ಅಪ್‌ಡೇಟ್ ತಪ್ಪದೆ ಕೊಡುವ ಕಂಪನಿಯದ್ದೇ ಇರಲಿ. ಸರ್ವಿಸ್ ಸೆಂಟರ್ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೇಳಿಟ್ಟುಕೊಳ್ಳಿ.

ರೀಸೆಟ್ ತೂತಿಗೆ ಪಿನ್ನು ಚುಚ್ಚುವ ಮುಂಚೆ ಆಪರೇಟರ್ ಕೊಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಬರೆದುಕೊಳ್ಳಿ. ನಾನು ಬರೆದುಕೊಳ್ಳದೆ ಚುಚ್ಚಿ, ಒಂದು ಭಾನುವಾರ ಪೂರ್ತಿ ಲೈನ್‌ಮನ್ ದಾರಿ ಕಾದೆ.