ತಿಮ್ಮಯ್ಯನವರ ಮನೆ ನೋಡಿ ಬಂದೆ



ದಸರಾ ರಜೆಯಲ್ಲಿ ಮಾವನ ಜೊತೆ ಮಡಿಕೇರಿಗೆ ಹೋಗಿದ್ದೆ. ರಾಜಾಸೀಟು ನೋಡೋಣ ಅಂತ ಹಠ ಮಾಡಿದೆ. ಮಾವ, "ಮೊದಲು ಸನ್ನಿಸೈಡ್ ನೋಡು" ಅಂದ್ರು.

ಸನ್ನಿಸೈಡ್ ಎಂದರೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯನವರ ಬಾಲ್ಯದ ಮನೆ. ಹಿಂದೆ ಇಲ್ಲಿ ಆರ್‌ಟಿಒ ಕಚೇರಿ ಇತ್ತು. ಆಮೇಲೆ ಮನೆ ರಿಪೇರಿ ಮಾಡಿ ಮ್ಯೂಸಿಯಂ ಮಾಡಿದರು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು.

ಅಂಗಳದಲ್ಲಿ ನಿಜವಾದ ಯುದ್ಧದ ಟ್ಯಾಂಕ್ ಇದೆ! ಅದನ್ನು ನೋಡಿದಾಗ ಮಾವ ಜೋಜಿಲಾ ಕಥೆ ಹೇಳಿದರು. ಜೋಜಿಲಾ ಕಾಶ್ಮೀರದಿಂದ ಲಡಾಖಿಗೆ ಹೋಗುವ ಘಟ್ಟದ ದಾರಿ. ಎತ್ತರ ಸುಮಾರು 11,500 ಅಡಿ. 1948ರಲ್ಲಿ ಅದು ಶತ್ರುಗಳ ಕೈಯಲ್ಲಿತ್ತು. ಅಲ್ಲಿಗೆ ಟ್ಯಾಂಕ್ ಹತ್ತಿಸುವುದು ಹೇಗೆ? ಹೇಸರಗತ್ತೆ ನಡೆಯುವಷ್ಟೇ ದಾರಿಯನ್ನು ಮದ್ರಾಸ್ ಸ್ಯಾಪರ್ಸ್ ಸೈನಿಕರು ಅಗಲ ಮಾಡಿದರು. (ಈ ಪಡೆಯ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.) ಗುಟ್ಟು ಬಯಲಾಗಬಾರದೆಂದು ಟ್ಯಾಂಕಿನ ಮೇಲಿನ ಗೋಪುರ ಬಿಚ್ಚಿ, ಟಾರ್ಪಾಲು ಹೊದಿಸಿ ಸಾಗಿಸಿದರು. ನವೆಂಬರ್ 1ರಂದು ದಾಳಿ ನಡೆಯಿತು. ದೊಡ್ಡ ಅಧಿಕಾರಿಯಾದರೂ ತಿಮ್ಮಯ್ಯನವರು ಹಿಂದೆ ನಿಲ್ಲಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಕೂತಿದ್ದರು. ಜೋಜಿಲಾ ನಮ್ಮ ಕೈಗೆ ಬಂತು.

ಇನ್ನೊಂದು ಸಂಗತಿ ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬ್ರಿಟಿಷರ ಸೈನ್ಯದಲ್ಲಿದ್ದರೆ, ಅವರ ಅಣ್ಣ ಪೊನ್ನಪ್ಪ ನೇತಾಜಿಯವರ ಐಎನ್‌ಎ ಸೇರಿದ್ದರು. ತಮ್ಮ ಸೋಮಯ್ಯ ಕಾಶ್ಮೀರ ಯುದ್ಧದಲ್ಲಿ ನೆಲಬಾಂಬು ಸಿಡಿದು ತೀರಿಕೊಂಡರು. ಇದನ್ನು ಕೇಳಿ ಆ ತಾಯಿಗೆ ಹೇಗಾಗಿರಬೇಡ ಅನ್ನಿಸ್ತು.

ತಿಮ್ಮಯ್ಯನವರು ಬರೀ ಯುದ್ಧ ಮಾಡಿದವರಲ್ಲ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಷಯ ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗಲೇ ತೀರಿಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ತಾತನ ನೆನಪಾಯಿತು. ಅವರೂ ಸೈನ್ಯದಲ್ಲಿದ್ದವರು. ಅವರ ಕಬ್ಬಿಣದ ಟ್ರಂಕ್ ನಮ್ಮ ಅಟ್ಟದಲ್ಲಿತ್ತು. ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದಿತ್ತು. ಹೋದ ವರ್ಷ ಅದನ್ನು ಗುಜರಿಯವನಿಗೆ ಹಾಕಿದೆವು. ಎತ್ತಿ ಕೊಟ್ಟವನು ನಾನೇ. ತಾತ ಎಲ್ಲೆಲ್ಲಿ ಕೆಲಸ ಮಾಡಿದರು ಅಂತ ಈಗ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆ ನಂಬರೂ ನನಗೆ ನೆನಪಿಲ್ಲ.

ನಿಮ್ಮ ಅಟ್ಟದಲ್ಲೂ ಅಂಥದ್ದು ಇದ್ದರೆ, ಗುಜರಿಯವನು ಬರುವ ಮೊದಲು ಒಮ್ಮೆ ತೆಗೆದು ನೋಡಿ. ಯಾರದು ಅಂತ ಅಜ್ಜಿಯನ್ನು ಕೇಳಿ, ಬರೆದಿಡಿ.

– 9ನೇ ತರಗತಿಯ ವಿದ್ಯಾರ್ಥಿ