ಸದ್ದು ಮಾಡುವ ಕಾರನ್ನು ಕೊಳ್ಳಬಹುದೆ?

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಮೊದಲು ಅದನ್ನು ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ದನಿ ಖಣಿಲೆಂದರೆ ಗಡಿಗೆ ಗಟ್ಟಿ. ಬೊದ್ದಾಗಿ ಕೇಳಿಸಿದರೆ ಎಲ್ಲಿಯೋ ಬಿರುಕು ಇದೆಯೆಂದು ಅರ್ಥ. ಕಣ್ಣಿಗೆ ಕಾಣದುದನ್ನು ಕಿವಿಯಿಂದ ಅರಿಯುವ ಈ ವಿದ್ಯೆ ಬಹು ಹಳೆಯದು. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಆಲಿಸಿದ, ಸ್ಟೆತಾಸ್ಕೋಪು ಹುಟ್ಟಿತು. ನಮ್ಮ ಊರುಗಳ ಗ್ಯಾರೇಜಿನಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಬಳಿ ಒತ್ತಿ ಕಣ್ಣು ಮುಚ್ಚಿ ನಿಲ್ಲುವ ಮೇಸ್ತ್ರಿ ಮಾಡುವುದೂ ಅದನ್ನೇ.

ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಕೆಲವು ಕಾಲದ ಹಿಂದೆ ಒಂದು ಪ್ರಶ್ನೆ ಕೇಳಿದ. ಹುಡುಗನಿಗೆ ಚಿಕ್ಕಂದಿನಿಂದಲೂ ಸ್ಪೋರ್ಟ್ಸ್ ಕಾರಿನ ಹುಚ್ಚು. ನಾಲ್ಕು ವರ್ಷ ಕೂಡಿಟ್ಟ ಹಣದಲ್ಲಿ ಕೊಳ್ಳಬಹುದಾದ ಹಳೆಯ ಪೋರ್ಷೆ ಬಾಕ್ಸ್‌ಟರ್ ಒಂದು ಅವನ ಕಣ್ಣಿಗೆ ಬಿದ್ದಿತ್ತು. ಮೈಬಣ್ಣ ಕೆಟ್ಟಿಲ್ಲ, ಸೀಟು ಹರಿದಿಲ್ಲ. ಬೆಲೆಯೋ ಅಂಥ ಕಾರುಗಳ ಸಾಮಾನ್ಯ ಬೆಲೆಗಿಂತ ಬಹಳ ಕಡಿಮೆ. ಆದರೆ "ಮಾವ, ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತೆ. ಮಾರುವವರು ಅದೆಲ್ಲ ಸಹಜ ಅನ್ನುತ್ತಾರೆ. ಕೊಳ್ಳಲೋ ಬೇಡವೋ, ನೀವೇ ಹೇಳಿ" ಎಂದು ಅವನು ಫೋನಿನಲ್ಲಿ ಆ ಸದ್ದನ್ನು ಹಿಡಿದು ಕಳಿಸಿದ. ಯಂತ್ರಗಳ ಪಾಠ ಹೇಳಿ ನಿವೃತ್ತನಾದವನು ನಾನು. ಆದರೂ ಆ ಧ್ವನಿಮುದ್ರಿಕೆಯ ಬಲದ ಮೇಲೆ ತೀರ್ಪು ಕೊಡಲು ಒಪ್ಪಲಿಲ್ಲ. ಅದರ ಬದಲು ಅವನಿಗೆ ಹೇಳಿದ ವಿಚಾರಗಳನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಇಂಜಿನ್ನಿನ ಸದ್ದನ್ನು ಕೇಳುವವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸದ್ದು ಯಾವಾಗ ಬರುತ್ತದೆ? ಎಷ್ಟು ಬೇಗ ಬೇಗ ಬರುತ್ತದೆ? ಎಲ್ಲಿಂದ ಬರುತ್ತದೆ?

ಮೊದಲನೆಯದು ಕಾಲದ ಪ್ರಶ್ನೆ. ಬಹಳ ದಿನ ನಿಂತಿದ್ದ ಕಾರನ್ನು ಚಾಲೂ ಮಾಡಿದೊಡನೆ ಕೇಳುವ ಸಣ್ಣ ಟಿಕ್ ಟಿಕ್ ಸದ್ದು ಅನೇಕ ವೇಳೆ ನಿರಪಾಯಕರ. ಕವಾಟಗಳನ್ನು ಒತ್ತುವ ಟ್ಯಾಪೆಟ್ಟುಗಳಲ್ಲಿ ಎಣ್ಣೆಯ ಒತ್ತಡದಿಂದ ಸಡಿಲವನ್ನು ತಾವಾಗಿಯೇ ತುಂಬಿಕೊಳ್ಳುವ ಬಗೆಯವು ಉಂಟು. ನಿಂತ ಕಾರಿನಲ್ಲಿ ಆ ಎಣ್ಣೆ ಇಳಿದುಹೋಗಿರುತ್ತದೆ; ಮತ್ತೆ ತುಂಬುವವರೆಗೆ ಅವು ಟಿಕ್ ಎನ್ನುತ್ತವೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಈ ಟಿಕ್ ಸದ್ದಿಗೆ ಹೆಸರಾದದ್ದು. ಹಲವು ಕಾರುಗಳಲ್ಲಿ ಎಣ್ಣೆ ಬದಲಿಸಿದರೆ ಸಾಕು, ಸದ್ದು ತಗ್ಗುತ್ತದೆ. ಹೊಗೆಕೊಳವೆಯ ಸಂದಿನಲ್ಲಿ ಸೋರಿಕೆಯಿದ್ದರೂ ತಣ್ಣಗಿರುವಾಗ ಟಿಕ್ ಎಂದು, ಲೋಹ ಕಾದು ಹಿಗ್ಗಿದ ಮೇಲೆ ಅದು ಅಡಗಬಹುದು. ಇದಕ್ಕೆ ವಿರುದ್ಧವಾಗಿ, ಇಂಜಿನ್ ಕಾದಷ್ಟೂ ಬಲಿಯುವ ಸದ್ದು ಅಪಾಯದ್ದು. ಕಾದ ಎಣ್ಣೆ ತೆಳುವಾಗುತ್ತದೆ. ಸವೆದ ಬೇರಿಂಗು ಆಗ ತನ್ನ ಸಡಿಲವನ್ನು ಮರೆಮಾಚಲಾರದು.

ಎರಡನೆಯದು ಲಯದ ಪ್ರಶ್ನೆ. ಇಂಜಿನ್ ಸುಮ್ಮನೆ ನಿಂತು ಓಡುವಾಗ ಕ್ರ್ಯಾಂಕು ದಂಡ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಕವಾಟಗಳನ್ನು ಆಡಿಸುವ ಕ್ಯಾಮು ದಂಡದ ವೇಗ ಅದರ ಅರ್ಧ, ಅಂದರೆ 400. ಒಂದು ಕವಾಟದ ಟ್ಯಾಪೆಟ್ಟು ಸದ್ದು ಮಾಡಿದರೆ ಸೆಕೆಂಡಿಗೆ ಆರೇಳು ಟಿಕ್ ಕೇಳುತ್ತದೆ. ಪಿಸ್ಟನ್ನಿನ ಕೈಗೆ, ಅಂದರೆ ಕನೆಕ್ಟಿಂಗ್ ರಾಡಿಗೆ, ಆಧಾರವಾದ ಬೇರಿಂಗು ಸವೆದಿದ್ದರೆ ಬಡಿತ ಕ್ರ್ಯಾಂಕಿನ ವೇಗದಲ್ಲಿ, ಇದರ ಎರಡರಷ್ಟು ಚುರುಕಾಗಿ ಬರುತ್ತದೆ. ಅದರ ದನಿಯೂ ಬೇರೆ. ಮೊದಲನೆಯದು ಹೊಲಿಗೆ ಯಂತ್ರದಂತೆ ಮೇಲುಸ್ಥಾಯಿಯದು. ಎರಡನೆಯದು ಮುಚ್ಚಿದ ಬಾಗಿಲನ್ನು ಮುಷ್ಟಿಯಿಂದ ಗುದ್ದಿದಂಥ ತಗ್ಗುಸ್ಥಾಯಿಯದು. ಇಂಥ ತಗ್ಗು ದನಿಯನ್ನು ಫೋನು ಸರಿಯಾಗಿ ಹಿಡಿಯದು. ದೂರದಿಂದ ತೀರ್ಪು ಕೊಡಲು ನಾನು ಒಪ್ಪದಿದ್ದುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಸ್ಥಳದ ಪ್ರಶ್ನೆ. ಇಂಜಿನ್ನಿನ ಹೊರಗೆ ಬೆಲ್ಟಿನಿಂದ ತಿರುಗುವ ಗಾಲಿಗಳಿವೆ, ಡೈನಮೋ ಇದೆ, ನೀರಿನ ಪಂಪು ಇದೆ. ಇವುಗಳ ಬೇರಿಂಗು ಸವೆದರೂ ಒಳಗಿನಿಂದಲೇ ಬಂದಂತೆ ಸದ್ದಾಗುತ್ತದೆ. ಬೆಲ್ಟನ್ನು ಕಳಚಿ ಕೆಲವೇ ಕ್ಷಣ ಇಂಜಿನ್ ಓಡಿಸಿದಾಗ ಸದ್ದು ನಿಂತರೆ ದೋಷ ಹೊರಗಿನದು, ಖರ್ಚು ಅಲ್ಪ. ಸದ್ದು ಹಾಗೆಯೇ ಉಳಿದರೆ ಒಳಗಿನದನ್ನು ಶಂಕಿಸಬೇಕು.

ಇನ್ನು ನನ್ನ ಸೋದರಳಿಯ ಮೆಚ್ಚಿದ ಕಾರಿನ ಮಾತು. ಬಾಕ್ಸ್‌ಟರ್ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಅದೇ ಕುಲದ ಇಂಜಿನ್ ಹೊತ್ತ 911 ಬಂದದ್ದು ಮರುವರ್ಷ. ಆರು ಸಿಲಿಂಡರುಗಳು ಮೂರು ಮೂರಾಗಿ ಎದುರುಬದುರು ಮಲಗಿರುವ ಈ ಇಂಜಿನ್ ಬಾಕ್ಸ್‌ಟರಿನಲ್ಲಿ ಸೀಟುಗಳ ಬೆನ್ನ ಹಿಂದೆ ಅಡಗಿ ಕುಳಿತಿದೆ. ಮುಂದಿನ ಮುಚ್ಚಳ ತೆಗೆದರೂ ಹಿಂದಿನದನ್ನು ತೆಗೆದರೂ ಕಾಣುವುದು ಸಾಮಾನಿನ ಪೆಟ್ಟಿಗೆಯೇ. ಇಂಜಿನ್ನಿನೊಳಗೆ ಕ್ರ್ಯಾಂಕಿನಿಂದ ಕ್ಯಾಮುಗಳಿಗೆ ಸರಪಳಿಗಳ ಮೂಲಕ ಚಲನೆಯನ್ನು ಮುಟ್ಟಿಸುವ ಒಂದು ನಡುದಂಡವಿದೆ. ಅದರ ಒಂದು ತುದಿಯನ್ನು ಗ್ರೀಸು ತುಂಬಿ ಮುಚ್ಚಿದ ಗುಂಡುಬೇರಿಂಗು ಹೊತ್ತಿದೆ. ಕಾಲ ಕಳೆದಂತೆ ಮುಚ್ಚಳ ಸವೆದು, ಗ್ರೀಸು ತೊಳೆದುಹೋಗಿ, ಗುಂಡುಗಳು ತೇಯಬಹುದು. ಬೇರಿಂಗು ಕುಸಿದರೆ ಸರಪಳಿಯ ತಾಳ ತಪ್ಪಿ ಕವಾಟಗಳು ಪಿಸ್ಟನ್ನಿಗೆ ಬಡಿಯುತ್ತವೆ. ಇಂಜಿನ್ನಿಗೆ ಅಲ್ಲಿಗೆ ಮುಕ್ತಾಯ. ಈ ಕುರಿತು ಅಮೆರಿಕದಲ್ಲಿ ಮಾಲೀಕರು ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಗೆ ಬಂತು. 2009ರ ಮಾದರಿಗಳಿಂದ ಬಳಕೆಗೆ ಬಂದ ಹೊಸ ಇಂಜಿನ್ನಿನಲ್ಲಿ ಈ ನಡುದಂಡವೇ ಇಲ್ಲ.

ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ಈ ಬೇರಿಂಗು ಬಹಳ ಸಲ ಸದ್ದಿಲ್ಲದೆಯೇ ಸವೆಯುತ್ತದೆ. ಟಿಕ್ ಎನ್ನುವ ಕಾರು ಇನ್ನೂ ಹತ್ತು ವರ್ಷ ಓಡಬಹುದು. ಮೌನವಾಗಿರುವ ಕಾರು ನಾಳೆಯೇ ನಿಂತುಬಿಡಬಹುದು. ಆದುದರಿಂದ ಕಿವಿ ಸಂಶಯವನ್ನು ಎಬ್ಬಿಸಬಲ್ಲುದೇ ಹೊರತು ಸಂಶಯವನ್ನು ತೀರಿಸಲಾರದು. ತೀರಿಸಲು ಸಾಕ್ಷ್ಯ ಬೇಕು. ಎಣ್ಣೆಯ ಫಿಲ್ಟರನ್ನು ಬಿಚ್ಚಿ ಅದರ ಮಡಿಕೆಗಳನ್ನು ಬಿಡಿಸಿ ನೋಡಿದರೆ ಲೋಹದ ಚೂರುಗಳು ಮಿನುಗುತ್ತವೆಯೋ ಇಲ್ಲವೋ ತಿಳಿಯುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಅವು ಉಕ್ಕಿನವು, ಬೇರಿಂಗನ್ನು ಶಂಕಿಸಬೇಕು. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಸಿಲಿಂಡರಿನ ಗೋಡೆಯ ಮೇಲೆ ಗೀರುಗಳಿವೆಯೇ ಎಂಬುದು ಕಾಣುತ್ತದೆ. ಈ ಕುಲದ ಇಂಜಿನ್ನುಗಳಲ್ಲಿ, ವಿಶೇಷವಾಗಿ 911ರ ದೊಡ್ಡ ಇಂಜಿನ್ನುಗಳಲ್ಲಿ, ಆ ಗೀರುಗಳೂ ಒಂದು ಬಗೆಯ ಟಿಕ್ ಸದ್ದಿಗೆ ಕಾರಣವಾಗುತ್ತವೆ.

ಪರೀಕ್ಷೆಗೆ ಹೋಗುವಾಗ ಒಂದು ಎಚ್ಚರ ಬೇಕು. ನಾವು ಬರುವ ಮುನ್ನ ಕಾರನ್ನು ಚಾಲೂ ಮಾಡಕೂಡದೆಂದು ಮಾರುವವರಿಗೆ ಮೊದಲೇ ತಿಳಿಸಿರಬೇಕು. ಹೋದಾಗ ಹೊಗೆಕೊಳವೆ ಬೆಚ್ಚಗಿದ್ದರೆ ತಣ್ಣನೆಯ ಇಂಜಿನ್ನಿನ ಸದ್ದು ನಮ್ಮ ಪಾಲಿಗೆ ತಪ್ಪಿತು. ದಪ್ಪ ಎಣ್ಣೆ ತುಂಬಿ ಬಡಿತವನ್ನು ತಾತ್ಕಾಲಿಕವಾಗಿ ಅಡಗಿಸುವುದೂ ಉಂಟು.

ಕೊನೆಗೆ ಉಳಿಯುವುದು ಲೆಕ್ಕ. ಕಾಗದದ ಮೇಲೆ ಮೂರು ಮೊತ್ತಗಳನ್ನು ಬರೆಯಬೇಕು: ಈ ಕಾರಿಗೆ ಕೇಳುತ್ತಿರುವ ಬೆಲೆ, ಇದೇ ವಯಸ್ಸಿನ ನಿರ್ದೋಷವಾದ ಕಾರಿನ ಬೆಲೆ, ಇಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವ ಖರ್ಚು. ಹಳೆಯ ಬಾಕ್ಸ್‌ಟರಿನ ವಿಷಯದಲ್ಲಿ ಮೂರನೆಯ ಮೊತ್ತ ಮೊದಲನೆಯದನ್ನು ಸುಲಭವಾಗಿ ಮೀರುತ್ತದೆ. ಅಗ್ಗ ಎಂಬುದು ಆಗ ಬರಿಯ ಮಾತು; ರೊಕ್ಕ ಕೊಟ್ಟು ರೋಗ ಕೊಂಡಂತೆ. ಕೊಳ್ಳುವ ಸ್ಥಳವೂ ಲೆಕ್ಕಕ್ಕೆ ಸೇರುತ್ತದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ, ವ್ಯಾಪಾರಿಯಿಂದ ಕೊಂಡ ವಸ್ತುವಿನಲ್ಲಿ ದೋಷ ಕಂಡರೆ 30 ದಿನಗಳೊಳಗೆ ಅದನ್ನು ತಿರಸ್ಕರಿಸಿ ಹಣ ಹಿಂಪಡೆಯಬಹುದು. ಮನೆಯ ಮುಂದೆ ನಿಂತ ಕಾರನ್ನು ಅದರ ಖಾಸಗಿ ಮಾಲೀಕನಿಂದ ಕೊಂಡವನಿಗೆ ಆ ಆಸರೆಯಿಲ್ಲ.

ಸೋದರಳಿಯ ಇದನ್ನೆಲ್ಲ ಕೇಳಿಕೊಂಡು ಮತ್ತೆ ಹೋದ. ಮಾರುವವರು ಅಂಥ ಖಾಸಗಿ ಮಾಲೀಕರೇ. ಪರೀಕ್ಷೆಯ ಖರ್ಚನ್ನು ತಾನೇ ಕೊಡುವುದಾಗಿ ಹೇಳಿ, ಫಿಲ್ಟರು ಬಿಚ್ಚಿಸಲು ಅನುಮತಿ ಕೇಳಿದ. ಅವರು ಒಪ್ಪಲಿಲ್ಲ. ಒಪ್ಪದಿರಲು ಅವರಿಗೆ ಬೇರೆ ಕಾರಣವೂ ಇದ್ದಿರಬಹುದು. ಇಂಜಿನ್ ಚೆನ್ನಾಗಿಯೇ ಇದ್ದಿರಲೂ ಬಹುದು. ಆದರೆ ಅದನ್ನು ತಿಳಿಯುವ ದಾರಿ ಮುಚ್ಚಿದ ಮೇಲೆ, ಇಂಜಿನ್ ಕೆಟ್ಟಿದೆಯೆಂದೇ ಎಣಿಸಿ ಬೆಲೆ ಕಟ್ಟಬೇಕು. ಆ ಬೆಲೆಗೆ ಅವರು ಮಾರುವಂತಿರಲಿಲ್ಲ. ಅವನು ಹಿಂದಿರುಗಿ ಬಂದ. ಬೇಸರವಾಯಿತೆಂದು ಹೇಳಿದ, ಆಗದೆ ಇರುತ್ತದೆಯೆ?

ಹಾಗಾದರೆ ಸದ್ದು ಮಾಡುವ ಕಾರನ್ನು ಕೊಳ್ಳಲೇಬಾರದೆ? ಕೊಳ್ಳಬಹುದು. ಸದ್ದಿನ ಕಾರಣ ಗೊತ್ತಿದ್ದು, ಅದನ್ನು ಸರಿಪಡಿಸುವ ಖರ್ಚು ಬೆಲೆಯಲ್ಲಿ ಇಳಿದಿದ್ದರೆ ಅದು ಒಳ್ಳೆಯ ವ್ಯಾಪಾರವೇ. ಕಾರಣ ತಿಳಿಯದಿದ್ದರೂ, ಇಡೀ ಇಂಜಿನ್ ಹೋದರೂ ತಾಳಿಕೊಳ್ಳಬಲ್ಲೆನೆಂಬ ಅನುಕೂಲವಂತ ಕೊಂಡರೆ ಆಕ್ಷೇಪವಿಲ್ಲ. ಕಾರಣವೂ ತಿಳಿಯದೆ, ನಷ್ಟವನ್ನು ತಾಳುವ ಶಕ್ತಿಯೂ ಇಲ್ಲದೆ, ಏನೂ ಆಗಲಾರದು ಎಂಬ ಆಸೆಯೊಂದನ್ನೇ ನೆಚ್ಚಿದವನು ಮಾತ್ರ ಕೊಳ್ಳಬಾರದು. ಆಸೆ ಬಲವಾದಾಗ ಮೊದಲು ಮಂದವಾಗುವುದು ಕಿವಿಯೇ. ಆದುದರಿಂದ ಇಂಥ ವ್ಯಾಪಾರಕ್ಕೆ ಹೋಗುವಾಗ, ಆ ವಸ್ತುವಿನ ಮೇಲೆ ಆಸೆಯಿಲ್ಲದ ಒಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುವುದು ಲೇಸು.